ಕಳೆಯ ಪಟ್ಟಿಗೆ ಸೇರಿದ ನೈದಿಲೆ

ಚಾಮರಾಜಪುರಂನ ನನ್ನ ಮನೆಯಿಂದ ಕುಕ್ಕರಹಳ್ಳಿ ಕೆರೆಯವರೆಗೆ ನಡೆದು ಬರುವುದು ನಿವೃತ್ತಿಯ ನಂತರದ ನನ್ನ ನಿತ್ಯದ ಪರಿಪಾಠ. ಈಚೆಗೆ ಒಂದು ಮುಂಜಾನೆ ಏರಿಯ ಮೇಲೆ ಯುವ ಕಲಾವಿದನೊಬ್ಬ ಕ್ಯಾನ್ವಾಸ್ ಹೂಡಿ, ನೀರಿನ ಮೇಲೆ ಕ್ಷಣಕ್ಷಣಕ್ಕೂ ಬದಲಾಗುವ ಬೆಳಕನ್ನು ಬಣ್ಣದಲ್ಲಿ ಹಿಡಿಯುತ್ತಿದ್ದ. ಬಿಸಿಲೇರುತ್ತಿದ್ದಂತೆ ಕುಂಚ ಕೆಳಗಿಟ್ಟು, ‘ಈ ಬೆಳಕು ಇನ್ನು ನಾಳೆಯೇ ಸಾರ್’ ಎಂದ. ಅನಂತರ ಕೇಳಿದ: ‘ನೈದಿಲೆ ತುಂಬಿದ ಕೆರೆ ಹತ್ತಿರದಲ್ಲಿ ಎಲ್ಲಿದೆ?’

ನನ್ನ ಬಳಿ ಉತ್ತರವಿರಲಿಲ್ಲ. ಉತ್ತರವಿಲ್ಲದಂತಾಗಲು ನಾನೂ ಅಷ್ಟಿಷ್ಟು ಕಾರಣ.

ಸೇವೆಯಲ್ಲಿದ್ದಾಗ, ಒಂದು ತಾಲ್ಲೂಕಿನಲ್ಲಿ, ಕೆರೆಯ ಜಲಕಳೆ ತೆಗೆಸುವ ಅಂದಾಜುಪಟ್ಟಿಗೆ ಸಹಿ ಹಾಕಿದ್ದೆ. ಅಂತರಗಂಗೆ, ನೈದಿಲೆ ಎರಡೂ ‘ಕಳೆ’ ಎಂಬ ಒಂದೇ ತಲೆಬರಹದಡಿ ಇದ್ದವು. ಕೆಲಸ ಸಕಾಲದಲ್ಲಿ ಮುಗಿಯಿತು. ಲೆಕ್ಕಪರಿಶೋಧನೆಯಲ್ಲಿ ಆಕ್ಷೇಪಣೆಯೂ ಬರಲಿಲ್ಲ. ಎರಡು ವರ್ಷಗಳಲ್ಲಿ ಅಂತರಗಂಗೆ ಮರಳಿತು. ನೈದಿಲೆ ಮರಳಲಿಲ್ಲ.

ಇವೆರಡರ ಗುಣ ಬೇರೆ ಬೇರೆ. ನೈದಿಲೆ ಕೆಸರಿನಲ್ಲಿ ಬೇರೂರಿ, ಎಲೆಯನ್ನಷ್ಟೇ ನೀರಿನ ಮೇಲೆ ತೇಲಿಬಿಡುತ್ತದೆ. ದಕ್ಷಿಣ ಅಮೆರಿಕ ಮೂಲದ ಅಂತರಗಂಗೆ ಚರಂಡಿ ನೀರಿನ ಸಾರವನ್ನುಂಡು ಕೊಬ್ಬಿ, ಕೆರೆಯನ್ನೇ ಮುಚ್ಚಿ ಬೆಳಕನ್ನು ತಡೆಯುತ್ತದೆ. ಕೊಳಚೆಯ ಹರಿವನ್ನು ನಿಲ್ಲಿಸದೆ ನಾವು ಕಳೆ ಕಿತ್ತಿದ್ದೆವು. ಅರ್ಥಶಾಸ್ತ್ರ ಓದಿದವನಿಗೆ ಅದು ಮರುಕಳಿಸುವ ವೆಚ್ಚವೆಂದು ಹೊಳೆಯಬೇಕಿತ್ತು.

ಇಂಪ್ರೆಷನಿಸಂನ ಇತಿಹಾಸದಲ್ಲೂ ಒಂದು ಸರ್ಕಾರಿ ಕಡತವಿದೆ. 1893ರಲ್ಲಿ ಫ್ರಾನ್ಸ್‌ನ ಜಿವರ್ನಿ ಗ್ರಾಮದಲ್ಲಿ ಕ್ಲಾಡ್ ಮೊನೆ ತನ್ನ ಹೂಗೊಳಕ್ಕೆ ಎಪ್ಟ್ ನದಿಯ ಕವಲಿನ ನೀರು ಬೇಕೆಂದು ಜಿಲ್ಲಾಡಳಿತಕ್ಕೆ ಅರ್ಜಿ ಸಲ್ಲಿಸಿದ. ಪರದೇಶದ ಗಿಡಗಳಿಂದ ನೀರು ಕೆಡುತ್ತದೆಂದು ಗ್ರಾಮಸ್ಥರು ತಕರಾರು ತೆಗೆದರು. ಕೊನೆಗೆ ಅನುಮತಿ ದೊರೆಯಿತು. ಆ ಕೊಳದ ನೈದಿಲೆಗಳಿಂದ ಸುಮಾರು 250 ವರ್ಣಚಿತ್ರಗಳು ಹುಟ್ಟಿದವು. ಕಣ್ಣಿಗೆ ಪೊರೆ ಬಂದು, 1923ರಲ್ಲಿ ಶಸ್ತ್ರಚಿಕಿತ್ಸೆಯಾದ ಮೇಲೂ ಆತ ಕುಂಚ ಬಿಡಲಿಲ್ಲ. ಆ ಅನುಮತಿಗೆ ಸಹಿ ಹಾಕಿದ ಅಧಿಕಾರಿಯ ಹೆಸರು ಇಂದು ಯಾರ ನೆನಪಿನಲ್ಲೂ ಇರಲಾರದು. ಆದರೆ ಅವನ ಸಹಿಯ ಫಲವನ್ನು ಜಗತ್ತು ಇಂದಿಗೂ ಕಾಣುತ್ತಿದೆ.

ನಮ್ಮಲ್ಲಿ ಇಂಥ ಕಣ್ಣಿನವರಿಲ್ಲವೆಂದಲ್ಲ. ಮೈಸೂರಿನ ಚಾಮರಾಜೇಂದ್ರ ತಾಂತ್ರಿಕ ಸಂಸ್ಥೆಯಲ್ಲಿ ಕಲಿತು, ಸ್ವಾತಂತ್ರ್ಯ ಹೋರಾಟಕ್ಕೆ ಧುಮುಕಿದ ರುಮಾಲೆ ಚನ್ನಬಸವಯ್ಯನವರು (1910–1988) ಮುಂದೆ ಬೆಂಗಳೂರಿನ ಹೂಮರಗಳ ಎದುರು ನಿಂತು, ದಟ್ಟ ಬಣ್ಣಗಳಲ್ಲಿ ಅವುಗಳ ಬೆಳಕನ್ನು ಬರೆದರು. ಬೀದಿಯಲ್ಲಿ ಆ ಮರಗಳಿದ್ದುದರಿಂದ ಆ ಚಿತ್ರಗಳಾದವು. ಜಗನ್ಮೋಹನ ಅರಮನೆಯಲ್ಲಿ ಹಳದಣಕರರ ದೀಪ ಹಿಡಿದ ಹೆಣ್ಣಿನ ಮುಂದೆ ನಾವು ಮೈಮರೆತು ನಿಲ್ಲುತ್ತೇವೆ. ಚೌಕಟ್ಟಿನೊಳಗಿನ ಬೆಳಕಿಗೆ ಸಲ್ಲಿಸುವ ಈ ಗೌರವವನ್ನು ಹೊರಗಿನ ಬೆಳಕಿಗೇಕೆ ಸಲ್ಲಿಸುವುದಿಲ್ಲ?

ಕೆರೆ ಇರುವುದು ಬೇಸಾಯಕ್ಕೆ, ಮೀನಿಗೆ, ಅಂತರ್ಜಲಕ್ಕೆ. ಚಿತ್ರಕಾರರಿಗಲ್ಲ ಎಂಬ ವಾದವನ್ನು ನಾನು ಬಲ್ಲೆ. ಒಂದು ಕಾಲದಲ್ಲಿ ನಾನೇ ಅದನ್ನು ಮಂಡಿಸುತ್ತಿದ್ದೆ. ಆದರೆ ಕಲಾವಿದ ಕೇಳುತ್ತಿರುವುದು ಹೊಸ ಕಲಾಭವನವನ್ನಲ್ಲ, ಅನುದಾನವನ್ನೂ ಅಲ್ಲ. ಕೊಳಚೆ ಸೇರದ ನೀರನ್ನು ಮತ್ತು ಅದರ ಮೇಲೊಂದಿಷ್ಟು ಹೂವನ್ನು. ರೈತನಿಗೂ ಮೀನುಗಾರನಿಗೂ ಬೇಕಾದ ನೀರು ಅದೇ ಅಲ್ಲವೆ?

ಆದ್ದರಿಂದ ಮುಂದಿನ ಯಾವುದೇ ಕೆರೆ ಕಾಮಗಾರಿಯಲ್ಲಿ ಮೂರು ಕ್ರಮಗಳಾಗಲಿ. ಮೊದಲು ಕೊಳಚೆಯ ಹರಿವು ನಿಲ್ಲಲಿ. ಎರಡನೆಯದಾಗಿ, ಅಂದಾಜುಪಟ್ಟಿಯಲ್ಲಿ ಕಳೆಯನ್ನೂ ಉಳಿಸಬೇಕಾದ ಜಲಸಸ್ಯಗಳನ್ನೂ ಸಸ್ಯಶಾಸ್ತ್ರಜ್ಞರು ಬೇರೆ ಬೇರೆಯಾಗಿ ನಮೂದಿಸಲಿ. ನೈದಿಲೆಯೂ ಕೆರೆಯನ್ನೆಲ್ಲ ಆವರಿಸದಂತೆ ಅದಕ್ಕೊಂದು ಎಲ್ಲೆ ಗೊತ್ತುಪಡಿಸಲಿ. ಮೂರನೆಯದಾಗಿ, ಸಲಹಾ ಸಭೆಗೆ ಇಂಜಿನಿಯರರ ಜೊತೆಗೆ ಕಾವಾ ಕಲಾ ಕಾಲೇಜಿನ ಅಧ್ಯಾಪಕರೊಬ್ಬರನ್ನೂ ಕರೆಯಲಿ. ಇದಕ್ಕೆ ಹೊಸ ಕಾನೂನು ಬೇಕಿಲ್ಲ.

1864ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಆದ ಕುಕ್ಕರಹಳ್ಳಿ ಕೆರೆಯ ಏರಿ ಇಂದಿಗೂ ನಮ್ಮನ್ನು ನಡೆಸುತ್ತಿದೆ. ಆ ಹುಡುಗ ಮತ್ತೆ ಅಲ್ಲಿ ಸಿಗಬಹುದು. ಆಗಲಾದರೂ ಒಂದು ಕೆರೆಯ ಹೆಸರು ಹೇಳುವಂತಾಗಬೇಕೆಂಬುದು, ಸಹಿ ಹಾಕುವ ಅಧಿಕಾರ ಕಳೆದುಕೊಂಡ ಈ ಮುದುಕನ ವಿನಂತಿ.