ಸೆನ್ಸರ್ ತಿದ್ದಲು ಆತುರ ಬೇಡ

ತೋಳಿನ ಗ್ಲೂಕೋಸ್ ಸೆನ್ಸರ್ 180 ತೋರಿಸುತ್ತದೆ, ಬೆರಳು ಚುಚ್ಚಿ ನೋಡಿದರೆ 210. ಕೂಡಲೇ ಸೆನ್ಸರನ್ನು ತಿದ್ದಬೇಕೆ? ಬೇಡವೆಂದೇ ನನ್ನ ಸಲಹೆ.

ಸೆನ್ಸರ್ ಅಳೆಯುವುದು ರಕ್ತದ ಸಕ್ಕರೆಯನ್ನಲ್ಲ, ಚರ್ಮದಡಿಯ ಜೀವಕೋಶಗಳ ನಡುವಿನ ದ್ರವದ ಸಕ್ಕರೆಯನ್ನು. ಅದು ರಕ್ತಕ್ಕಿಂತ ಕೆಲವು ನಿಮಿಷ ಹಿಂದಿರುತ್ತದೆ. ಊಟ, ವ್ಯಾಯಾಮದ ನಂತರ ಈ ಅಂತರ ಸಹಜ. ಆಗ ತಿದ್ದಿದರೆ ಮುಂದಿನ ಅಂಕಿಗಳೂ ಹೆಚ್ಚಾಗಿ ಕಾಣುತ್ತವೆ. ಅದನ್ನು ನಂಬಿ ಇನ್ಸುಲಿನ್ ಹೆಚ್ಚಿಸಿದರೆ ರಾತ್ರಿ ಸಕ್ಕರೆ ಅಪಾಯಕರವಾಗಿ ಕುಸಿಯಬಹುದು.

ತಿದ್ದುವ ಸೌಲಭ್ಯ ಎಲ್ಲ ಸೆನ್ಸರ್‌ಗಳಲ್ಲೂ ಇರುವುದಿಲ್ಲ. ಇದ್ದರೆ, ಮೊದಲ ದಿನ ಬಿಟ್ಟು, ಊಟಕ್ಕೆ ಮುಂಚೆ, ಬಾಣದ ಗುರುತು ನೇರವಾಗಿ ಅಡ್ಡಲಾಗಿರುವಾಗ, ಕೈ ತೊಳೆದು ಒರೆಸಿಕೊಂಡು ಬೆರಳಿನ ರಕ್ತ ಪರೀಕ್ಷಿಸಿ. ವ್ಯತ್ಯಾಸ ಶೇ. 20ನ್ನು ಮೀರಿದ್ದರೆ ಮಾತ್ರ ತಿದ್ದಿ.

ಬೆವರು, ನಡುಕ ಬಂದರಂತೂ ಸೆನ್ಸರ್ ಏನೇ ತೋರಿಸಲಿ, ಬೆರಳು ಚುಚ್ಚಿ ನೋಡಿ.