ಕೇಳದೆ ಹೆಸರಿಡಬೇಡಿ

ಕಿರುತರಂಗ ಬಾನುಲಿಯನ್ನು ಆಲಿಸುವ ಹವ್ಯಾಸಿಗಳಲ್ಲಿ ಒಂದು ಕೆಟ್ಟ ಚಾಳಿ ಬೇರೂರುತ್ತಿದೆ. ರೇಡಿಯೋದ ಮುಳ್ಳನ್ನು ಒಂದು ಅಂಕಿಯ ಮೇಲೆ ನಿಲ್ಲಿಸುವುದು, ಏನೋ ಅಸ್ಪಷ್ಟ ಸದ್ದು ಕಿವಿಗೆ ಬಿದ್ದೊಡನೆ ಮೊಬೈಲಿನಲ್ಲಿ ವೇಳಾಪಟ್ಟಿಯನ್ನು ತೆರೆಯುವುದು, ಆ ಅಂಕಿಯ ಎದುರಿಗೆ ಯಾವ ಕೇಂದ್ರದ ಹೆಸರಿದೆಯೋ ಅದನ್ನೇ ‘ಕೇಳಿದೆ’ ಎಂದು ಬರೆದುಕೊಳ್ಳುವುದು. ಇದು ಆಲಿಸುವಿಕೆಯಲ್ಲ, ಊಹೆಗೆ ಸಾಕ್ಷಿಯ ವೇಷ ತೊಡಿಸುವುದು.

ಒಂದು ನಿದರ್ಶನವನ್ನು ನೋಡಿರಿ. 10 ಮೆಗಾಹರ್ಟ್ಸ್‌ನಲ್ಲಿ ಗಡಿಯಾರದ ಟಿಕ್‌ಟಿಕ್ ಕೇಳಿಸುತ್ತದೆ. ಅಮೆರಿಕದ ಕೊಲರಾಡೊದಲ್ಲಿರುವ ಡಬ್ಲ್ಯುಡಬ್ಲ್ಯುವಿ ಎಂಬ ಕಾಲಸೂಚಕ ಕೇಂದ್ರವು ಅಲ್ಲಿದೆಯೆಂದು ಪಟ್ಟಿ ಹೇಳುತ್ತದೆ. ಅವಸರದವನು ಅಮೆರಿಕವನ್ನು ಗೆದ್ದೆನೆಂದು ಹಿಗ್ಗುತ್ತಾನೆ. ಆದರೆ ಹವಾಯಿಯ ಡಬ್ಲ್ಯುಡಬ್ಲ್ಯುವಿಎಚ್, ಚೀನಾದ ಬಿಪಿಎಂ ಕೇಂದ್ರಗಳೂ ಅದೇ ಅಂಕಿಯಲ್ಲಿವೆ. ಕೊಲರಾಡೊದಲ್ಲಿ ವೇಳೆಯನ್ನು ಸಾರುವುದು ಗಂಡುದನಿ, ಹವಾಯಿಯಲ್ಲಿ ಹೆಣ್ಣುದನಿ. ಚೀನಾದ ಕೇಂದ್ರವು ಮೋರ್ಸ್ ಸಂಕೇತದಲ್ಲಿಯೂ ಚೀನೀ ಭಾಷೆಯಲ್ಲಿಯೂ ತನ್ನ ಗುರುತು ಹೇಳುತ್ತದೆ. ಅಷ್ಟು ಹೊತ್ತು ಕಾಯಲಾರದವನಿಗೆ ಕೇಳಿದ್ದು ಯಾವುದೆಂದು ನಿರ್ಣಯಿಸುವ ಅಧಿಕಾರವೇ ಇಲ್ಲ.

ಭಾಷೆಯನ್ನು ನೋಡಿ ದೇಶವನ್ನು ನಿಶ್ಚಯಿಸುವುದೂ ಇಂಥದೇ ತಪ್ಪು. ಜರ್ಮನಿಯ ಡಾಯ್ಚ ವೆಲ್ಲೆ ಹಲವು ವರ್ಷ ಶ್ರೀಲಂಕಾದ ತ್ರಿಂಕೋಮಲಿಯಿಂದ ಮರುಪ್ರಸಾರವಾಗುತ್ತಿತ್ತು. ಬಿಬಿಸಿಯ ದನಿ ಲಂಡನ್ನಿನದಾದರೂ ಅಲೆ ಹೊರಟದ್ದು ಒಮಾನಿನಿಂದ ಇರಬಹುದು. ಶ್ರೀಲಂಕಾದ ಬಾನುಲಿ ಒಂದು ಕಾಲಕ್ಕೆ ಕನ್ನಡದಲ್ಲಿಯೂ ಮಾತಾಡಿತ್ತು. ಕನ್ನಡ ಕೇಳಿಸಿದಲ್ಲೆಲ್ಲ ಕರ್ನಾಟಕವೇ ಇರಬೇಕೆಂಬ ತರ್ಕ ಎಷ್ಟು ಪೊಳ್ಳೆಂಬುದನ್ನು ಗಡಿಯಾಚೆ ಬಾಳುವ ನಮಗೆ ಬೇರೆ ಯಾರೂ ಕಲಿಸಬೇಕಾಗಿಲ್ಲ.

“ಹವ್ಯಾಸವಷ್ಟೆ, ಇಷ್ಟೊಂದು ಕಟ್ಟುನಿಟ್ಟೇಕೆ?” ಎಂದು ಕೆಲವರು ಕೇಳುತ್ತಾರೆ. ಕೇಳಿದವನು ಕೇಂದ್ರಕ್ಕೆ ವರದಿ ಬರೆಯುತ್ತಾನೆ. ಕೇಂದ್ರವು ಅದನ್ನು ದೃಢಪಡಿಸಿ ಕ್ಯೂಎಸ್‌ಎಲ್ ಕಾರ್ಡನ್ನು ಕಳುಹಿಸುತ್ತದೆ. ತಮ್ಮ ಅಲೆ ಎಲ್ಲಿಗೆ, ಎಷ್ಟು ಸ್ಪಷ್ಟವಾಗಿ ತಲುಪಿತೆಂದು ಎಂಜಿನಿಯರರು ತಿಳಿಯುವುದು ಇಂಥ ವರದಿಗಳಿಂದಲೂ ಹೌದು. ಆ ದಿನ ಪ್ರೇಷಕ ಯಂತ್ರವೇ ಕೆಟ್ಟು ನಿಂತಿದ್ದರೆ? ಪಟ್ಟಿ ನೋಡಿ ಬರೆದವನು ನಡೆಯದ ಪ್ರಸಾರಕ್ಕೆ ಸಾಕ್ಷಿ ನುಡಿದಂತಾಯಿತು. ನೆದರ್ಲೆಂಡ್ಸಿನ ಟ್ವೆಂಟೆ ವಿಶ್ವವಿದ್ಯಾಲಯದ ಅಂತರ್ಜಾಲ ರೇಡಿಯೋದಲ್ಲಿ ಕೇಳಿ, ಮನೆಯ ತಂತಿಯಲ್ಲಿ ಹಿಡಿದೆನೆನ್ನುವವನ ಸುಳ್ಳೂ ಇದಕ್ಕಿಂತ ಸಣ್ಣದಲ್ಲ.

ಕಿರುತರಂಗದ ಕಾಲವೇ ಮುಗಿಯಿತೆಂಬುದು ಇನ್ನೊಂದು ಆಕ್ಷೇಪ. ಕೇಂದ್ರಗಳು ಕಡಿಮೆಯಾದದ್ದು ನಿಜ. ರೇಡಿಯೋ ನೆದರ್ಲೆಂಡ್ಸ್ 2012ರಲ್ಲಿ, ರೇಡಿಯೋ ಆಸ್ಟ್ರೇಲಿಯಾ 2017ರಲ್ಲಿ ಕಿರುತರಂಗವನ್ನು ತೊರೆದವು. ಬಿಬಿಸಿ ಹಿಂದಿಯ ಕಿರುತರಂಗ ಪ್ರಸಾರವೂ 2020ರಲ್ಲಿ ನಿಂತಿತು. ಉಳಿದ ದನಿಗಳು ಕೆಲವೇ ಆದಾಗ ಅವುಗಳ ಬಗೆಗಿನ ಸಾಕ್ಷ್ಯ ಇನ್ನಷ್ಟು ಶುದ್ಧವಾಗಿರಬೇಕಲ್ಲದೆ ಸಡಿಲವಾಗಬಾರದು.

ಪಟ್ಟಿಯನ್ನು ಸುಡಿರೆಂದು ನಾನು ಹೇಳುತ್ತಿಲ್ಲ. ಅದು ಕೊನೆಗೆ ಬರಲಿ. ಮೊದಲು ಭಾಷೆ, ಸಂಗೀತ, ಸುದ್ದಿಯ ವಿಷಯ, ವೇಳೆ ಇವನ್ನು ಬರೆದುಕೊಳ್ಳಿರಿ. ಗಂಟೆ ತುಂಬುವ ಹೊತ್ತಿಗೆ ಕೇಂದ್ರವು ತನ್ನ ಹೆಸರು ಹೇಳುವುದು ವಾಡಿಕೆ, ಅದಕ್ಕಾಗಿ ಕಾಯಿರಿ. ಹಗಲಿನ ಅಯಾನುಗೋಳದ ಕೆಳಪದರ 49 ಮೀಟರ್ ಬ್ಯಾಂಡಿನ ಅಲೆಗಳನ್ನು ಹೀರಿಬಿಡುತ್ತದೆ. ನಡುಮಧ್ಯಾಹ್ನ ಅಲ್ಲಿ ಯುರೋಪ್ ಸಿಕ್ಕಿತೆನಿಸಿದರೆ ಮೊದಲು ನಿಮ್ಮ ಮೇಲೆಯೇ ಸಂಶಯಪಡಿರಿ. ಹೆಸರು ಕೇಳಿಸದಿದ್ದರೆ ‘ಬಹುಶಃ’ ಎಂದೋ ‘ಗುರುತು ಸಿಗಲಿಲ್ಲ’ ಎಂದೋ ಬರೆಯಿರಿ.

ಮಕ್ಕಳು ಪಕ್ಕದಲ್ಲಿ ಕುಳಿತು ನೋಡುತ್ತಿರುತ್ತಾರೆ. ‘ಗುರುತು ಸಿಗಲಿಲ್ಲ’ ಎಂದು ಹಿರಿಯರು ನಾಚದೆ ಬರೆದ ಒಂದು ಸಾಲು, ಗೋಡೆ ತುಂಬ ತೂಗುಹಾಕಿದ ಸುಳ್ಳು ಕಾರ್ಡುಗಳಿಗಿಂತ ಅವರಿಗೆ ಹೆಚ್ಚಿನ ಪಾಠ.