ಗಿಫ್ಟ್ ಎಂಬ ಮದ್ದು

ನಮ್ಮ ಮದುವೆ ಮನೆಗಳಲ್ಲಿ ‘ವರದಕ್ಷಿಣೆ’ ಎಂಬ ಮಾತನ್ನು ಈಗ ಯಾರೂ ಆಡುವುದಿಲ್ಲ. ಎಲ್ಲವೂ ‘ಗಿಫ್ಟ್’. ಕಾರು ಗಿಫ್ಟ್, ಸೈಟು ಗಿಫ್ಟ್, ಅಳಿಯನ ಕೊರಳಿನ ಸರವೂ ಗಿಫ್ಟ್. ‘ನಾವೇನೂ ಕೇಳಲಿಲ್ಲಮ್ಮ, ಅವರೇ ಪ್ರೀತಿಯಿಂದ ಕೊಟ್ಟರು’ ಎಂಬ ಬೀಗಿತ್ತಿಯರ ಮಾತು ಕೇಳಿ ಕೇಳಿ ನನಗೆ ಸಾಕಾಗಿದೆ. ಇಂಗ್ಲಿಷ್ ಪಾಠ ಹೇಳುವವಳಾದ್ದರಿಂದ ಈ ಪುಟ್ಟ ಪದದ ಜಾತಕವನ್ನೇ ಬಿಚ್ಚಿಡುತ್ತೇನೆ.

ಇಂಗ್ಲಿಷಿನವರಿಗೆ ಗಿಫ್ಟ್ ಎಂದರೆ ಉಡುಗೊರೆ. ಅವೇ ಅಕ್ಷರಗಳನ್ನು ಜರ್ಮನಿಯಲ್ಲಿ ಬಾಟಲಿಯ ಮೇಲೆ ಕಂಡರೆ ಮುಟ್ಟಬೇಡಿ. ಅಲ್ಲಿ ಅದು ವಿಷ. ಸ್ವೀಡನ್ನಿನವರು ಅದನ್ನು ‘ಯಿಫ್ಟ್’ ಎನ್ನುತ್ತಾರೆ. ಅಲ್ಲಿ ಅದಕ್ಕೆ ವಿಷವೆಂಬ ಅರ್ಥವೂ ಉಂಟು, ‘ಮದುವೆಯಾದ’ ಎಂಬ ಅರ್ಥವೂ ಉಂಟು. ಇದನ್ನು ಹೇಳಿದೊಡನೆ ಗಂಡಸರು ‘ನೋಡಿ, ಮದುವೆಯೆಂದರೇ ವಿಷ’ ಎಂದು ನಗುತ್ತಾರೆ. ನಗಲಿ. ಬೇರನ್ನು ನೋಡಿದರೆ ನಗು ನಿಲ್ಲುತ್ತದೆ.

ಮೂರರ ಬೇರೂ ‘ಕೊಡು’ ಎಂಬುದೇ. ಗ್ರೀಕಿನ ‘ಡೋಸಿಸ್’ ಎಂದರೆ ಕೊಡುವಿಕೆ. ವೈದ್ಯನು ಕೊಡುವ ಮದ್ದಿನ ಅಳತೆಗೂ ಅದೇ ಹೆಸರಾಯಿತು. ನಾವು ಡೋಸ್ ಎನ್ನುವುದು ಅದನ್ನೇ. ಅದರ ಜಾಡಿನಲ್ಲೇ ಜರ್ಮನರ ‘ಕೊಟ್ಟದ್ದು’ ಕೂಡ ಮದ್ದಾಗಿ, ಕೊನೆಗೆ ವಿಷವಾಯಿತು. ‘ಮದ್ದು ಹಾಕಿದರು’ ಎಂದರೆ ನಮ್ಮಲ್ಲೂ ಅದು ಔಷಧವಲ್ಲ ತಾನೇ? ಹಳೆಯ ಅರ್ಥ ಜರ್ಮನ್ನಿನ ‘ಮಿಟ್‌ಗಿಫ್ಟ್’ ಎಂಬ ಪದದಲ್ಲಿ ಉಳಿದಿದೆ. ಮಗಳ ಜೊತೆಗೆ ಕೊಟ್ಟದ್ದು, ಅಂದರೆ ವರದಕ್ಷಿಣೆ! ಹಳೆಯ ಇಂಗ್ಲಿಷಿನಲ್ಲಂತೂ ಗಿಫ್ಟ್ ಎಂದರೆ ವಧುವಿಗಾಗಿ ತೆತ್ತ ಬೆಲೆ.

ಸ್ವೀಡನ್ನಿನಲ್ಲಿ ‘ಮದುವೆಯಾದವಳು’ ಎಂದರೆ ಮೂಲದಲ್ಲಿ ಕೊಡಲ್ಪಟ್ಟವಳು. 1734ರ ಅವರ ಕಾನೂನಿನಲ್ಲಿ ಹೆಣ್ಣನ್ನು ಕೊಡುವ ಅಧಿಕಾರವುಳ್ಳವನಿಗೆ ‘ಯಿಫ್ಟುಮನ್’ ಎಂಬ ಹೆಸರೇ ಇತ್ತು. ಇಂದು ಅಲ್ಲಿ ಗಂಡಸನ್ನೂ ಯಿಫ್ಟ್ ಎನ್ನುತ್ತಾರೆ. ಕೊಡುವವನ ಅಧಿಕಾರ ಹೋಗಿದೆ, ಪದ ಉಳಿದಿದೆ. ನಮ್ಮಲ್ಲಿ? ಪದ ಬದಲಾಗಿದೆ, ವ್ಯವಹಾರ ಹಾಗೇ ಉಳಿದಿದೆ. ‘ಹೆಣ್ಣು ಕೊಟ್ಟೆವು’ ಎನ್ನುತ್ತೇವೆ, ಕನ್ಯಾದಾನ ಎನ್ನುತ್ತೇವೆ. ಆ ‘ದಾನ’ವೂ ಗ್ರೀಕರ ‘ಡೋಸಿಸ್’ ಕೂಡ ಒಂದೇ ಮೂಲಧಾತುವಿನ ಮಕ್ಕಳು. ಹುಡುಗಿಯನ್ನೇ ಕೊಟ್ಟ ಮೇಲೆ ಇನ್ನೂ ಏನು ಕೊಡಬೇಕು?

‘ಕಾನೂನೇ ಉಡುಗೊರೆಗೆ ಒಪ್ಪಿದೆಯಲ್ಲ’ ಎನ್ನುವವರಿದ್ದಾರೆ. ಸರಿ, ಆ ಕಾನೂನನ್ನು ಪೂರ್ತಿ ಓದಲಿ. 1961ರ ವರದಕ್ಷಿಣೆ ನಿಷೇಧ ಕಾಯ್ದೆಯ ಪ್ರಕಾರ ಉಡುಗೊರೆಯನ್ನು ಯಾರೂ ಕೇಳಿರಬಾರದು. ಹೆಣ್ಣಿನ ಕಡೆಯವರು ಕೊಟ್ಟದ್ದು ರೂಢಿಯಲ್ಲಿರುವಂಥದ್ದಾಗಿರಬೇಕು, ಅವರ ಶಕ್ತಿಗೆ ಮೀರಿರಬಾರದು. 1985ರ ನಿಯಮಗಳಂತೆ ವಧುವರರಿಬ್ಬರೂ ತಮಗೆ ಬಂದದ್ದನ್ನು ಪಟ್ಟಿ ಮಾಡಿಡಬೇಕು. ವಸ್ತು ಯಾವುದು, ಅಂದಾಜು ಬೆಲೆ ಎಷ್ಟು, ಕೊಟ್ಟವರು ಯಾರು, ಸಂಬಂಧವೇನು, ಎಲ್ಲವನ್ನೂ ಬರೆದು ಸಹಿ ಹಾಕಬೇಕು. ನಮ್ಮೂರ ಛತ್ರಗಳಲ್ಲಿ ಮುಯ್ಯಿ ಬರೆಯುವ ಪುಸ್ತಕ ನೋಡಿದ್ದೇನೆ, ಈ ಪಟ್ಟಿಯನ್ನು ಒಮ್ಮೆಯೂ ನೋಡಿಲ್ಲ.

ಸಾಲ ಮಾಡಿ ಕೊಟ್ಟು, ಮುಖದ ಮೇಲೆ ನಗು ಹಚ್ಚಿಕೊಂಡು ನಿಲ್ಲುವ ತಾಯಂದಿರಿಗೂ ನನ್ನ ಮಾತು ಇಷ್ಟೇ: ಅವರು ಕೇಳಿದ್ದನ್ನು ನೀವು ಗಿಫ್ಟ್ ಎಂದು ಕರೆದು ಅವರ ಮಾನ ಕಾಯಬೇಡಿ. ಹೆಸರು ಹಿಡಿದೇ ಕರೆಯಿರಿ. ಯಾರಾದರೂ ಗಿಫ್ಟ್ ಎಂದರೆ, ‘ಪಟ್ಟಿ ಎಲ್ಲಿದೆ, ತೋರಿಸಿ’ ಎಂದು ಕೇಳಿಬಿಡಿ.